ಗೋದಾಮಿಲ್ಲದ ಯಂತ್ರಗಳು

ಯೂನಿಯನ್ ಹಾಲಿನ ಎದುರು ಕಾರು ನಿಲ್ಲಿಸಿದ ಮೇಲೂ ಹಿಲ್ಕಾ ಇಂಜಿನ್ ಆರಿಸಲಿಲ್ಲ. ಆರಿಸಿದರೆ ಇಳಿಯಲೇಬೇಕಾಗುತ್ತದೆ. ಕಾಲ ಬುಡಕ್ಕೆ ಬಿಸಿಗಾಳಿ ಊದುತ್ತಿತ್ತು. ಮಡಿಲಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಕಾಗದದ ಹೊದಿಕೆ ಹಾಕಿ ಒಂದರ ಮೇಲೊಂದು ಜೋಡಿಸಿದ ಸಿಡಿ ಡಿಸ್ಕುಗಳು. ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಾಳೆಂದು ಅವಳಿಗೇ ತಡವಾಗಿ ಗೊತ್ತಾಯಿತು. ಒಳಗಿನದು ಎದ್ದು ಓಡಿಹೋಗುತ್ತದೋ ಎನ್ನುವ ಹಾಗೆ. ಮಾರ್ಚ್ ತಿಂಗಳ ಕೊಳೆ ಹಿಮ ಹಾಲಿನ ಮೆಟ್ಟಿಲ ಎರಡೂ ಬದಿಗೆ ಕರಗಲೋ ಬೇಡವೋ ಎಂದು ಕೂತಿತ್ತು. ಹಿಂದಕ್ಕೆ ತಿರುಗಿಸಿಕೊಂಡು ಹೋಗಿಬಿಡಬಹುದು, ಡಿಸ್ಕುಗಳು ಓಡಲಿಲ್ಲ ಎಂದು ಫೋನಿನಲ್ಲಿ ಹೇಳಿಬಿಡಬಹುದು ಎಂದುಕೊಳ್ಳುವಷ್ಟರಲ್ಲಿ ಹಾಲಿನ ಕಿಟಕಿಯ ಪರದೆ ಒಂದಿಷ್ಟು ಸರಿಯಿತು, ಯಾರದೋ ಮುಖ ಕಂಡಿತು, ಪರದೆ ಮತ್ತೆ ಬಿತ್ತು. ಅಲ್ಲಿಗೆ ತೀರ್ಮಾನವಾಯಿತು. ಹೆದರಿ ಹೋದಳು ಎಂದು ಆ ಮುಖ ಒಳಗಿನವರಿಗೆ ಹೇಳುವುದನ್ನು ಅವಳು ಸಹಿಸಲಾರಳು. ಧೈರ್ಯ ಬಂದದ್ದಲ್ಲ, ಹಟ ಬಂದದ್ದು. ಅವಳ ಬದುಕಿನಲ್ಲಿ ಇವೆರಡರ ನಡುವಿನ ವ್ಯತ್ಯಾಸ ಯಾವತ್ತೂ ಅಷ್ಟು ಸ್ಪಷ್ಟವಾಗಿರಲಿಲ್ಲ.

ಹಾಲಿನ ಒಳಗೆ ಅವಳು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಅಪ್ಪ ಇದ್ದಾಗ ಕ್ರಿಸ್‌ಮಸ್ ಊಟಕ್ಕೆ ಬರುತ್ತಿದ್ದಳು. ಕಾಗದದ ಗಿರಣಿಯ ಆಫೀಸಿನಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಸೇರಿದ ಮೇಲೆ ಬರುವಂತಿರಲಿಲ್ಲ. ಆಫೀಸಿನವರು ಯೂನಿಯನ್ನಿನವರಲ್ಲ. ಅದೇ ಒದ್ದೆ ಉಣ್ಣೆಯ ವಾಸನೆ, ಅದೇ ನೆಲದ ಮೇಣದ ವಾಸನೆ. ಉದ್ದನೆಯ ಮೇಜುಗಳ ಮೇಲೆ ಕಂಪ್ಯೂಟರುಗಳು ಸಾಲಾಗಿ ಕೂತಿದ್ದವು. ಅವುಗಳ ಮೈಯನ್ನು ಕಂಡ ತಕ್ಷಣ ಅವಳಿಗೆ ಒಂದೊಂದರ ಗುರುತೂ ಸಿಕ್ಕಿತು. ಇದು ಖರೀದಿ ವಿಭಾಗದ್ದು, ಮೂಲೆ ಒಡೆದಿದೆ. ಇದರ ಮೇಲೆ ಮುದುಕಿ ಗುಮಾಸ್ತೆ ಹೂವಿನ ಚೀಟಿ ಅಂಟಿಸಿದ್ದಳು, ಅರ್ಧ ಕಿತ್ತಿದೆ. ಇದು ಅವಳದ್ದೇ.

"ಬಂದ್ಯಾ," ಎಂದ ಗಾಸ್ಟನ್, ಯೂನಿಯನ್ನಿನ ಅಧ್ಯಕ್ಷ. ಗಿರಣಿ ಮುಚ್ಚಿ ವರ್ಷವಾಗುತ್ತ ಬಂದರೂ ಅಧ್ಯಕ್ಷ ಅಧ್ಯಕ್ಷನೇ. "ನೀನು ಬರಲ್ಲ ಅಂತ ಪಂದ್ಯ ಕಟ್ಟಿದ್ದೆ."

"ಯಾರ ಹತ್ರ?"

"ನನ್ನ ಹತ್ರಾನೇ. ಸೋತೆ."

ಅವನು ನಗಲಿಲ್ಲ, ಆದರೆ ಅವಳ ಕೋಟು ಇಸಿದುಕೊಂಡು ಗೂಟಕ್ಕೆ ಹಾಕಿದ. ಅಷ್ಟು ಸಾಕಾಗಿತ್ತು. ಅವನ ಹಿಂದೆ ಗೋಡೆಯ ಪಕ್ಕ ಏಳೆಂಟು ಜನ ಗಂಡಸರು, ಕೆಲವು ಹೆಂಗಸರು ಕಾಯುತ್ತಿದ್ದರು. ಪರಿಚಯದ ಮುಖಗಳೆಲ್ಲ ಅವಳನ್ನು ಬಿಟ್ಟು ಅವಳ ಕೈಯ ಡಬ್ಬಿಯನ್ನು ನೋಡಿದವು. ಅವಳ ಅಣ್ಣ ಎಸ್ಕೋ ಅಲ್ಲಿರಲಿಲ್ಲ. ಇರಲಿಲ್ಲವೆಂದು ಹಗುರವಾಯಿತೋ ನಿರಾಸೆಯಾಯಿತೋ ತಿಳಿಯದೆ ಅವಳು ಮೇಜಿನ ಕೆಳಗೆ ಬಗ್ಗಿ ವೈರುಗಳನ್ನು ನೋಡತೊಡಗಿದಳು.

ಎರಡು ವಾರದ ಹಿಂದೆ ಊರಿನ ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಕಂಪನಿಯ ಕಡೆಯವನೊಬ್ಬ ಗಾಸ್ಟನ್ನನ ಕೈ ಕುಲುಕುತ್ತಿದ್ದ, ಪಕ್ಕದಲ್ಲಿ ಇದೇ ಯಂತ್ರಗಳು, ಕೆಳಗೆ ಉದಾರ ಕೊಡುಗೆ ಎಂಬ ಮಾತು. ತಿಂಡಿಯ ಮೇಜಿನ ಮುಂದೆ ಅದನ್ನು ನೋಡಿದಾಗ ಅವಳ ಮುಖ ಬಿಸಿಯಾಯಿತು. ಆ ಯಂತ್ರಗಳ ಒಳಗೆ ಏನೂ ಇಲ್ಲವೆಂದು ಇಡೀ ಊರಿನಲ್ಲಿ ತಿಳಿದವಳು ತಾನೊಬ್ಬಳೇ ಎಂದು ಅವಳು ನಂಬಿದ್ದಳು. ಗಿರಣಿ ಮುಚ್ಚಿದ ಮೇಲೆ ಅವಳನ್ನು ಇನ್ನೂ ಕೆಲವು ವಾರ ಉಳಿಸಿಕೊಂಡಿದ್ದರು, ಅದೇ ಕೆಲಸಕ್ಕೆ: ಪ್ರತಿ ಯಂತ್ರದ ಹಾರ್ಡ್ ಡಿಸ್ಕನ್ನೂ ಕಳಚಬೇಕು, ಕಂಪನಿಯ ಲೆಕ್ಕಪತ್ರ ಯಾರ ಕೈಗೂ ಸಿಗಬಾರದು. ಅಂಗಳದಲ್ಲಿ ಪುಡಿಮಾಡುವ ಲಾರಿ ಬಂದು ನಿಂತಿತ್ತು. ಡ್ರೈವರು ಅವಳಿಗೆ ಕಿವಿಗೆ ಹಾಕಿಕೊಳ್ಳಲು ಮುಚ್ಚುಗೆ ಕೊಟ್ಟ, ಹಾಕಿಕೊಂಡರೂ ಎದೆಯ ಗೂಡಿನಲ್ಲಿ ಆ ಸದ್ದು ಕೇಳುತ್ತಿತ್ತು. ಸಂಬಳದ ಲೆಕ್ಕ, ರಜೆಯ ಅರ್ಜಿ, ಯಾರೋ ಮಗುವಿನ ಫೋಟೋ, ಅಪ್ಪನ ಪಿಂಚಣಿಯ ವಿವರ, ಎಲ್ಲ ಬೆಳ್ಳನೆಯ ಚೂರುಗಳಾಗಿ ಡಬ್ಬಕ್ಕೆ ಸುರಿದವು. ಅವಳು ಕೆಲಸ ಅಚ್ಚುಕಟ್ಟಾಗಿ ಮಾಡಿದ್ದಳು. ಬಿಚ್ಚಿದ ಸ್ಕ್ರೂಗಳನ್ನು ಕೂಡ ಅವುಗಳ ತೂತಿಗೇ ಮತ್ತೆ ತಿರುಗಿಸಿ ಕೂರಿಸಿದ್ದಳು. ಬೇರೆ ಯಾರೂ ಅಷ್ಟು ಮಾಡುತ್ತಿರಲಿಲ್ಲ ಎಂದು ಆಗ ಹೆಮ್ಮೆಪಟ್ಟದ್ದು ನೆನಪಾಗಿ, ಪತ್ರಿಕೆಯ ಮುಂದೆ ಕೂತವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಹೆಮ್ಮೆ ಪೂರ್ತಿ ಹೋಗಲಿಲ್ಲ. ಎದ್ದು ಗಾಸ್ಟನ್ನನಿಗೆ ಫೋನು ಮಾಡಿ, "ಅವು ಓಡಲ್ಲ. ನಾನು ಓಡಿಸ್ತೀನಿ," ಎಂದಷ್ಟೇ ಹೇಳಿ, ಅವನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟಿದ್ದಳು.

ಈಗ ಗಾಸ್ಟನ್ ಪಕ್ಕದ ಮುಚ್ಚಳ ತೆರೆದಿದ್ದ ಯಂತ್ರವೊಂದರ ಒಳಗೆ ಟಾರ್ಚು ಬಿಟ್ಟು ತೋರಿಸಿದ. "ಇಲ್ಲಿ ನೋಡು, ಖಾಲಿ ಗೂಡು. ಕೆಚ್ಚಲು ಕೊಯ್ದು ಹಸು ದಾನ ಕೊಟ್ಟಂಗಾಯ್ತು. ಕೈ ಬೇರೆ ಕುಲುಕಿದೆ ನಾನು, ಥೂ."

"ಹಾಲು ಬೇರೆ ಕಡೆಯಿಂದ ತರೋಣ," ಎಂದಳು ಹಿಲ್ಕಾ. "ಇದರ ತಲೆ ಸರಿಯಾಗೇ ಇದೆ ಗಾಸ್ಟನ್. ಹೋಗಿರೋದು ಗೋದಾಮು ಮಾತ್ರ. ಈ ಡಿಸ್ಕಿನಲ್ಲಿ ಇಡೀ ವ್ಯವಸ್ಥೆ ಇದೆ. ಅದನ್ನ ಓದ್ಕೊಂಡು, ತಲೇಲಿ ಇಟ್ಕೊಂಡು, ಹಂಗೇ ನಡೆಯುತ್ತೆ."

"ಗೋದಾಮಿಲ್ದೆ?"

"ಗೋದಾಮಿಲ್ದೆ."

"ಯಾರು ಮಾಡಿದ್ದಿದನ್ನ?"

"ಎಲ್ಲೆಲ್ಲಿನವರೋ. ಸೇರಿ ಮಾಡಿ ಹಂಚಿದಾರೆ. ದುಡ್ಡು ತಗೊಳ್ಳಲ್ಲ."

"ದುಡ್ಡು ತಗೊಳ್ಳಲ್ವಾ? ಹಂಗಾದ್ರೆ ಯೂನಿಯನ್ನಿನವರಂತೂ ಅಲ್ಲ ಬಿಡು," ಎಂದ ಗಾಸ್ಟನ್, ಗೋಡೆಯ ಪಕ್ಕದವರು ನಕ್ಕರು. ನಗು ಅವಳ ಕಡೆಗಲ್ಲ ಎಂದು ಖಚಿತವಾಗುವ ತನಕ ಹಿಲ್ಕಾಳ ಹೆಗಲು ಬಿಗಿಯಾಗೇ ಇತ್ತು.

ಮೊದಲನೆಯ ಯಂತ್ರದ ತಟ್ಟೆ ಹೊರಗೆ ಬಂತು, ಡಿಸ್ಕನ್ನು ಇಟ್ಟಳು, ಒಳಗೆ ಹೋಯಿತು. ಕಪ್ಪು ಪರದೆ. ಒಳಗೆಲ್ಲೋ ಡಿಸ್ಕು ತಿರುಗುವ ಗುಂಯ್‌ಗುಡುವಿಕೆ, ನಿಂತು, ಮತ್ತೆ ಶುರುವಾಗಿ, ತಡವರಿಸಿ, ಮತ್ತೆ. ಮನೆಯಲ್ಲಿ ತನ್ನ ಹಳೆಯ ಯಂತ್ರದ ಮೇಲೆ ಎಷ್ಟೋ ಸಲ ನೋಡಿದ್ದಳು, ಆದರೂ ಈಗ ಪರದೆಯಿಂದ ಕಣ್ಣು ಕೀಳಲಿಲ್ಲ. ಹಿಂದೆ ನಿಂತವರ ಉಸಿರು ಕೇಳುತ್ತಿತ್ತು. ಸಾಲುಸಾಲು ಬಿಳಿ ಅಕ್ಷರಗಳು ಮೇಲಕ್ಕೆ ಓಡಿದವು. ಮೂಲೆಯಲ್ಲಿ ಪುಟ್ಟ ಪೆಂಗ್ವಿನ್ ಹಕ್ಕಿಯೊಂದು ಕಾಣಿಸಿತು. ಆಮೇಲೆ ಇಡೀ ಪರದೆಗೆ ತಿಳಿ ನೀಲಿ ಬಣ್ಣ ಹರಡಿಕೊಂಡು ಒಂದೊಂದೇ ಚಿತ್ರ ಅದರ ಜಾಗಕ್ಕೆ ಬಂದು ಕೂತಿತು. ಯಾರೋ ಹಿಂದಿನಿಂದ "ಅರೆ," ಎಂದರು. ಒಂದೇ ಅಕ್ಷರದಷ್ಟು ಸಣ್ಣ ಮೆಚ್ಚುಗೆ. ಅದು ಅವಳ ಬೆನ್ನ ಮೇಲೆ ಬಿಸಿನೀರಿನ ಹಾಗೆ ಇಳಿಯಿತು. ಅವಳು ಹಿಂತಿರುಗಿ ನೋಡದೆ ಎರಡನೆಯದಕ್ಕೆ ಹೋದಳು, ಮೂರನೆಯದಕ್ಕೆ. ಮೇಜಿನುದ್ದಕ್ಕೂ ಒಂದರ ಹಿಂದೊಂದು ನೀಲಿ ಹತ್ತಿಕೊಳ್ಳುತ್ತ ಹೋಯಿತು. ತಾನೇ ಬರಿದು ಮಾಡಿದ ಒಡಲುಗಳಿವು, ತಾನೇ ಎಬ್ಬಿಸುತ್ತಿದ್ದಾಳೆ. ಇದಕ್ಕೆ ಪ್ರಾಯಶ್ಚಿತ್ತ ಎಂದು ಹೆಸರಿಡುವವರಿದ್ದರೆ ಇಡಲಿ, ಅವಳಿಗೆ ಅನ್ನಿಸಿದ್ದು ಬರೀ ಹಿಗ್ಗು.

ಹಿಗ್ಗಿನ ನಡುವೆಯೇ ಒಂದು ಯೋಚನೆ ಬಂದು ಹೋಯಿತು. ಕಾರಿನ ಖಾನೆಯಲ್ಲಿ ಒಂದು ಹಿಡಿ ಯುಎಸ್‌ಬಿ ಕಡ್ಡಿಗಳಿದ್ದವು, ಬರೆದದ್ದನ್ನು ಉಳಿಸಿಟ್ಟುಕೊಳ್ಳಲಿಕ್ಕೆಂದೇ ಅವಳು ತಂದದ್ದು. ಇಳಿಯುವಾಗ ಕೈಗೆ ತಗೊಂಡು ಮತ್ತೆ ಅಲ್ಲೇ ಇಟ್ಟಿದ್ದಳು. ಯಂತ್ರ ಎದ್ದು ಕೂತ ಮೊದಲ ಗಳಿಗೆಯಲ್ಲೇ, ಇದಕ್ಕೊಂದು ಕೊರತೆಯಿದೆ, ಪಕ್ಕದಲ್ಲಿ ಇದನ್ನೂ ಚುಚ್ಚಿಕೊಳ್ಳಬೇಕು ಎಂದು ಹೇಳುವುದು ಅವಳಿಗೆ ಬೇಕಿರಲಿಲ್ಲ. ಬರೆದು ಕಳಿಸುವ ಹೊತ್ತಿಗೆ ಏನಾಗುತ್ತದೆ, ಏನೂ ಆಗುವುದಿಲ್ಲ. "ಯಾರೂ ಆರಿಸ್ಬೇಡಿ," ಎಂದಷ್ಟೇ ಹೇಳಿದಳು. "ಕರೆಂಟಿರೋ ತನಕ ಬರೆದದ್ದು ಇರುತ್ತೆ. ಮೊದಲು ಬಿಳೀ ಪುಟದಲ್ಲಿ ನಿಧಾನಕ್ಕೆ ಬರ್ಕೊಳ್ಳಿ, ಸರಿ ಮಾಡ್ಕೊಳ್ಳಿ, ಆಮೇಲೆ ಕಾಲೇಜಿಗೆ ಕಳಿಸೋಣ."

ಕಾಲೇಜಿನ ಬಾಯ್ಲರ್ ತರಬೇತಿಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಅರ್ಜಿಯನ್ನು ಇಂಟರ್‌ನೆಟ್ಟಿನಲ್ಲೇ ತುಂಬಬೇಕು. ನೀವು ಯಾರು, ಈ ತನಕ ಏನು ಮಾಡಿದ್ದೀರಿ, ಯಾಕೆ ಕಲಿಯಬೇಕು ಎಂದು ಸ್ವಂತ ಮಾತಿನಲ್ಲಿ ಒಂದು ಪುಟ ಬರೆಯಬೇಕು. ಊರಿನ ಗ್ರಂಥಾಲಯದಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ದೊಡ್ಡ ಕೈಗಳ ಜನ ಸಣ್ಣ ಕೀಲಿಗಳ ಮುಂದೆ ಕೂತರು. ಟಕ್. ತುಂಬ ಹೊತ್ತಿನ ಮೇಲೆ ಇನ್ನೊಂದು ಟಕ್.

ಆಗ ಎಸ್ಕೋ ಬಂದ. ಬಾಗಿಲು ತೆರೆದ ರೀತಿಯಲ್ಲೇ ಅವಳಿಗೆ ಗೊತ್ತಾಯಿತು. ಅವನು ಯಾವ ಬಾಗಿಲನ್ನೂ ಪೂರ್ತಿ ತೆರೆಯುವವನಲ್ಲ, ತನಗೆ ಬೇಕಾದಷ್ಟು ತೆರೆದು ಭುಜ ಓರೆ ಮಾಡಿ ನುಸುಳುತ್ತಾನೆ. ಅಣ್ಣನ ತಲೆ ನರೆತಿತ್ತು. ಅವನು ಗಾಸ್ಟನ್ನನಿಗೆ ತಲೆಯಾಡಿಸಿ, ಅವಳಿದ್ದ ಜಾಗವನ್ನು ಕಂಬವೊಂದನ್ನು ಬಳಸುವ ಹಾಗೆ ಬಳಸಿ ಹೋಗಿ ಕೊನೆಯ ಯಂತ್ರದ ಮುಂದೆ ಕೂತ. ಬೆನ್ನು ಅವಳ ಕಡೆಗಿತ್ತು. ಅದೇ ಕಂದು ಕ್ಯಾನ್ವಾಸ್ ಜಾಕೆಟ್ಟು. ಎರಡು ವರ್ಷದ ಹಿಂದಿನ ಮುಷ್ಕರದ ಚಳಿಗಾಲ ಪೂರ್ತಿ ಪ್ರತಿ ಬೆಳಿಗ್ಗೆ ಅವಳು ನೋಡಿದ ಬೆನ್ನು. ಗೇಟಿನ ಮುಂದೆ ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಗಿರಣಿಯ ಜನ ನಿಂತಿರುತ್ತಿದ್ದರು, ಆಫೀಸಿನವರ ಕಾರುಗಳು ಅವರ ನಡುವೆ ತೆವಳಿಕೊಂಡು ಒಳಗೆ ಹೋಗಬೇಕಿತ್ತು. ಕೆಲವರು ಬಾನೆಟ್ಟಿಗೆ ಗುದ್ದುತ್ತಿದ್ದರು. ಒಬ್ಬ ಎರಚಿದ ಕಾಫಿ ಗಾಜಿನ ಮೇಲೇ ಹೆಪ್ಪುಗಟ್ಟಿ, ಅವಳು ಆ ಕಂದು ಕಲೆಯ ಮೂಲಕವೇ ಗೇಟು ದಾಟಿದ್ದಳು. ಅವರು ಕೂಗಿದ ಮಾತುಗಳು ಒಂದೂ ನೆನಪಿಲ್ಲ. ಎಸ್ಕೋ ಕೂಗುತ್ತಿರಲಿಲ್ಲ. ಅವಳ ಕಾರು ಹತ್ತಿರ ಬರುತ್ತಲೇ ಸುಮ್ಮನೆ ತಿರುಗಿ ಬೆನ್ನು ಮಾಡಿ ನಿಲ್ಲುತ್ತಿದ್ದ. ಕಾರು ದಾಟಿದ ಮೇಲೆ ಮತ್ತೆ ಬೆಂಕಿಯ ಕಡೆ ತಿರುಗುತ್ತಿದ್ದನೋ ಏನೋ, ಕನ್ನಡಿಯಲ್ಲಿ ನೋಡುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಆ ಚಳಿಗಾಲದ ನಂತರ ಶನಿವಾರದ ಸೌನಾ ಹಬೆಸ್ನಾನಕ್ಕೆ ಅವಳು ಅವನ ಮನೆಗೆ ಹೋಗುವುದು ನಿಂತಿತು. ಯಾರೂ ಬರಬೇಡ ಅನ್ನಲಿಲ್ಲ. ಯಾರೂ ಬಾ ಎಂದೂ ಅನ್ನಲಿಲ್ಲ.

ಅವಳು ತಪ್ಪು ಮಾಡಿದಳೇ? ಈ ಪ್ರಶ್ನೆಯನ್ನು ಅವಳು ಎಷ್ಟು ಸಲ ಎತ್ತಿ ಇಳಿಸಿದ್ದಳೆಂದರೆ ಅದರ ಮೂಲೆಗಳೆಲ್ಲ ಸವೆದಿದ್ದವು. ಒಳಗೆ ಹೋಗದಿದ್ದರೆ ಕೆಲಸ ಹೋಗುತ್ತಿತ್ತು. ಹೋದಳು, ಕೊನೆಗೆ ಕೆಲಸ ಎಲ್ಲರದ್ದೂ ಹೋಯಿತು. ಕ್ಷಮಿಸು ಎಂದುಬಿಟ್ಟರೆ ಮುಗಿಯುತ್ತಿತ್ತು ಎಂದು ಹೇಳಿದವರಿದ್ದರು. ಆದರೆ ಆ ಪದ ಬಾಯಿಗೆ ಬಂದಾಗಲೆಲ್ಲ ಅದರ ಹಿಂದೆಯೇ ಇನ್ನೊಂದು ಏಳುತ್ತಿತ್ತು: ನಾನೂ ದುಡಿದದ್ದೇ, ಕಳ್ಳತನ ಮಾಡಲಿಲ್ಲ. ಅವರ ಮನೆಯ ಜನವೆಲ್ಲ ಹಾಗೆಯೇ. ಅಪ್ಪ ಸಾಯುವಾಗ ಕೂಡ ದಾದಿಯ ಕೈಯಿಂದ ಲೋಟ ಕಿತ್ತುಕೊಂಡು ತಾನೇ ಕುಡಿದವನು.

ಎಸ್ಕೋನ ಒಂದು ಬೆರಳು ಕೀಲಿಗಳ ಮೇಲೆ ಹದ್ದಿನ ಹಾಗೆ ಸುತ್ತಿ ಸುತ್ತಿ ಎರಗುತ್ತಿತ್ತು. ಅವಳು ಎಲ್ಲರ ಹತ್ತಿರ ಹೋಗಿ ಬಂದಳು, ಅವನ ಹತ್ತಿರ ಮಾತ್ರ ಹೋಗಲಿಲ್ಲ. ದೂರದಿಂದಲೇ ಅವನ ಪರದೆಯಲ್ಲಿ ಸಾಲುಗಳು ಬೆಳೆಯುವುದು ಕಾಣುತ್ತಿತ್ತು. ಒಂದು, ನಾಲ್ಕು, ಅರ್ಧ ಪುಟ. ನಡುನಡುವೆ ಅವನು ಹಿಂದಕ್ಕೊರಗಿ ಸೂರು ನೋಡುತ್ತಿದ್ದ. ಮತ್ತೆ ಎರಗುತ್ತಿದ್ದ. ಅಷ್ಟೊಂದು ಅವನು ಯಾರಿಗೂ ಯಾವತ್ತೂ ಹೇಳಿದ್ದನ್ನು ಅವಳು ಕಂಡಿರಲಿಲ್ಲ. ಏನು ಬರೆಯುತ್ತಿದ್ದಾನೋ. ಬರೆಯುತ್ತಿರುವುದು ತನ್ನ ಡಿಸ್ಕಿನ ಮೇಲೆ ಎದ್ದು ನಿಂತ ಯಂತ್ರದಲ್ಲಿ, ಅಷ್ಟು ಸಾಕು ಎಂದುಕೊಂಡಳು, ಸಾಕಾಗಲಿಲ್ಲ.

ಮಧ್ಯಾಹ್ನ ಗಾಸ್ಟನ್ನನ ಹೆಂಡತಿ ಏಲಕ್ಕಿಯ ಪುಲ್ಲಾ ಬ್ರೆಡ್ಡು ಕಳಿಸಿದ್ದಳು. ಹೆಂಗಸರಲ್ಲೊಬ್ಬರು ಅಡುಗೆಮನೆಯಿಂದ ಕಾಫಿ ಕಾಯಿಸುವ ದೊಡ್ಡ ಪಾತ್ರೆ ತಂದು, ಮೇಜಿನ ಹತ್ತಿರವೇ ಇರಲಿ ಎಂದು ಅಲ್ಲಿದ್ದ ಪ್ಲಗ್ಗಿಗೇ ಚುಚ್ಚಿದರು. ಹಿಲ್ಕಾ ಅದನ್ನು ನೋಡಿದಳು. ನೋಡಿ, ಬೇಡ ಎನ್ನಲು ಬಾಯಿ ತೆರೆದಳು. ಟಪ್ ಎಂದಿತು.

ನೀಲಿ ಎಲ್ಲ ಒಟ್ಟಿಗೇ ಹೋಯಿತು. ಡಿಸ್ಕುಗಳು ತಿರುಗುತ್ತ ತಿರುಗುತ್ತ ನಿಧಾನವಾಗಿ ಸೋತು ನಿಲ್ಲುವ ಸದ್ದು ಮಾತ್ರ ಉಳಿಯಿತು. ಕಪ್ಪು ಗಾಜುಗಳಲ್ಲಿ ಅವರವರ ಮುಖ ಅವರವರಿಗೇ ಕಾಣಿಸಿತು.

"ಬರೆದದ್ದು?" ಎಂದ ಲೈಲ್. ಮುಷ್ಕರದಲ್ಲಿ ಬಾನೆಟ್ಟಿಗೆ ಗುದ್ದುತ್ತಿದ್ದವರಲ್ಲಿ ಅವನೊಬ್ಬ. "ನಾನು ಬೆಳಗ್ಗಿಂದ ಬರೆದದ್ದೆಲ್ಲಿ?"

ಹಿಲ್ಕಾ ಮೇಜಿನ ಕೆಳಗೆ ಬಗ್ಗಿ ಪ್ಲಗ್ಗು ನೋಡಿ ಎದ್ದಳು.

"ಹೋಯ್ತಾ? ಪೂರ್ತಿ?"

"ಹೋಯ್ತು."

"ಆಹಾ. ಇದೂ ಕಂಪನಿಯ ಕೊನೇ ಉಪಕಾರನಾ? ಆಗ ಹೊಟ್ಟೆ ಬಗೆದು ಕಳಿಸ್ದೆ, ಈಗ ಬಂದು ಬಾಯಿಂದಾನೂ ಕಿತ್ಕೊಂಡೆ!"

"ಲೈಲ್," ಎಂದ ಗಾಸ್ಟನ್.

"ಏನು ಲೈಲ್? ಎಲ್ಲರಿಗೂ ಗೊತ್ತಿರೋದೇ. ಹಾರ್ಡ್ ಡಿಸ್ಕು ಕಳಚಿ ಲಾರಿಗೆ ಹಾಕಿದವಳು ಇವಳೇ ಅಲ್ವಾ?"

ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೂ ಬೆಳಗ್ಗೆ ಅವಳ ಕೋಟು ಇಸಿದುಕೊಂಡಿದ್ದರು. ಇದು ಲೈಲನ ಮಾತಿಗಿಂತ ಹೆಚ್ಚು ತಟ್ಟಿತು. ಅವಳ ಕಣ್ಣು ತಾನಾಗಿಯೇ ಕೊನೆಯ ಯಂತ್ರದ ಕಡೆ ಹೋಯಿತು. ಎಸ್ಕೋ ಎದ್ದು ನಿಂತಿದ್ದ. ಯಾರ ಕಡೆಗೂ ನೋಡದೆ ವೇದಿಕೆಯ ಪಕ್ಕದ ಗೋಡೆಯ ಪೆಟ್ಟಿಗೆ ತೆರೆದು ಬಿದ್ದಿದ್ದ ಸ್ವಿಚ್ಚನ್ನು ಮೇಲಕ್ಕೆತ್ತಿದ; ಬಂದು ಕಾಫಿ ಪಾತ್ರೆಯ ವೈರು ಕಿತ್ತು, ಪಾತ್ರೆಯನ್ನು ಹಾಗೇ ತಬ್ಬಿ ಎತ್ತಿ ಅಡುಗೆಮನೆಗೆ ಇಟ್ಟು ಬಂದ. ಆಮೇಲೆ ಗೂಟದಿಂದ ತನ್ನ ಟೋಪಿ ತೆಗೆದುಕೊಂಡ.

ಆ ಟೋಪಿ ಅವನ ಕೈಯಲ್ಲಿ ಕಂಡದ್ದೇ ಅವಳು ಒಂದು ಹೆಜ್ಜೆ ಮುಂದೆ ಬಂದಳು. "ತಪ್ಪು ನನ್ನದು," ಎಂದಳು. ಎಲ್ಲರಿಗೂ ಕೇಳುವ ಹಾಗೆ, ಗಿರಣಿಯ ಸಭೆಗಳಲ್ಲಿ ಯಾವ ಸರ್ವರು ಎಷ್ಟು ಹೊತ್ತು ನಿಂತಿತು ಎಂದು ವರದಿ ಒಪ್ಪಿಸುತ್ತಿದ್ದ ದನಿಯಲ್ಲಿ. "ಬರೆದದ್ದನ್ನ ಉಳಿಸಿಡೋ ದಾರಿ ಇತ್ತು. ಅದಕ್ಕೆ ಬೇಕಾದ್ದು ನನ್ನ ಕಾರಲ್ಲೇ ಇದೆ. ಇವು ಯಾವ ಆಸರೆನೂ ಇಲ್ದೆ ನಡೀತವೆ ಅಂತ ನಿಮಗೆ ತೋರಿಸ್ಬೇಕಿತ್ತು ನನಗೆ. ಅದಕ್ಕೇ ತರಲಿಲ್ಲ. ಈಗ ತರ್ತೀನಿ. ಸಂಜೆ ತನಕ ಹೊತ್ತಿದೆ."

ಕೋಟಿಲ್ಲದೆಯೇ ಹೊರಗೆ ಹೋದಳು. ಚಳಿ ತೋಳಿನ ಒಳಕ್ಕೆ ಹೊಕ್ಕಿತು. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು, ಅದರಲ್ಲಿ ಗಿರಣಿಯ ಗಂಧಕದ ವಾಸನೆ ಈಗಿಲ್ಲ. ಹುಟ್ಟಿದಾಗಿನಿಂದ ಮೂಗು ಸುಕ್ಕಿಸಿದ ವಾಸನೆ ಇಲ್ಲದಿದ್ದರೆ ಗಾಳಿ ಇಷ್ಟು ಬಡವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಖಾನೆಯಿಂದ ಕಡ್ಡಿಗಳನ್ನು ಬಾಚಿ ಹಿಡಿದುಕೊಂಡಳು. ಈಗಲೂ ಹೋಗಿಬಿಡಬಹುದಿತ್ತು, ಬೀಗದ ಕೈ ಜೇಬಿನಲ್ಲೇ ಇತ್ತು. ಹೇಳಿಬಿಟ್ಟೆನಲ್ಲ, ಎಲ್ಲರೆದುರು ಹೇಳಿಬಿಟ್ಟೆ, ನೆಲ ಬಾಯಿ ಬಿಡಲಿಲ್ಲ ಎಂದುಕೊಂಡು ಅವಳು ಆಶ್ಚರ್ಯಪಡುತ್ತಿದ್ದಳು. ತಪ್ಪು ನನ್ನದು ಎನ್ನುವಾಗಲೂ ಬೆನ್ನು ನೆಟ್ಟಗೇ ಇಟ್ಟುಕೊಳ್ಳಬಹುದು.

ಬಾಗಿಲಲ್ಲಿ ಎಸ್ಕೋ ಎದುರಾದ, ಟೋಪಿ ಹಾಕಿಕೊಂಡು, ಹೊರಟವನು. ಒಬ್ಬರೇ ದಾಟಬಹುದಾದ ಜಾಗ. ಅವಳು ಸರಿಯಲಿಲ್ಲ.

"ಕೂತ್ಕೋ ಹೋಗು," ಎಂದಳು. "ಐದು ನಿಮಿಷದಲ್ಲಿ ಎದ್ದು ಕೂರ್ತವೆ ಎಲ್ಲ."

ಅವನು ಅವಳ ತಲೆಯ ಮೇಲಿಂದ ಬೀದಿಯನ್ನು ನೋಡಿದ.

"ನೀನು ಹೇಳು, ನಾನು ಟೈಪ್ ಹೊಡೀತೀನಿ. ಬೇಗ ಆಗುತ್ತೆ."

ಆಗ ಅವನು ಮಾತಾಡಿದ. ಎರಡು ಚಳಿಗಾಲದ ಮೇಲೆ ಕೇಳಿದ ದನಿ ಅಪ್ಪನದರ ಹಾಗೇ ಇತ್ತು. "ನೀನು ಹೊಡೆದ್ರೆ ಅದು ನಿನ್ನ ಮಾತಾಗುತ್ತೆ."

"ಹಂಗಾದ್ರೆ ನೀನೇ ಹೊಡಿ."

"ಒಂದ್ಸಲ ಹೇಳಿದ್ದನ್ನ ಇನ್ನೊಂದ್ಸಲ ಹೇಳೋ ಅಭ್ಯಾಸ ಇಲ್ಲ ನನಗೆ."

"ಗೊತ್ತು," ಎಂದಳು ಹಿಲ್ಕಾ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು, ಅದು ಅಳುವಿನ ಹಾಗೆ ಕೇಳಬಾರದೆಂದು ದವಡೆ ಬಿಗಿ ಹಿಡಿದಳು. "ನನಗೂ ಇಲ್ಲ. ಆದ್ರೂ ಈಗ ಒಳಗೆ ಹೋಗ್ತಿದೀನಿ, ಲೈಲನ ಮುಖ ಇನ್ನೊಂದ್ಸಲ ನೋಡೋದಕ್ಕೆ. ಅದೇನು ಸುಖ ಅಂದ್ಕೊಂಡ್ಯಾ?"

ಅವನ ತುಟಿಯ ಒಂದು ಕೊನೆ ಅಲುಗಿತು. ನಗುವಲ್ಲ. ಅವನು ಒಂದು ಹೆಜ್ಜೆ ಹಿಂದಕ್ಕಿಟ್ಟು, ಬಾಗಿಲನ್ನು ಭುಜದಿಂದ ತಳ್ಳಿ ಹಿಡಿದ. ಅವಳು ಒಳಗೆ ಬಂದಳು. ಅವನು ಹೋದನೋ ನಿಂತನೋ ಎಂದು ತಿರುಗಿ ನೋಡಲಿಲ್ಲ.

ಸ್ವಿಚ್ಚುಗಳನ್ನು ಒತ್ತುತ್ತ ಬಂದಳು. ಒಂದೊಂದಾಗಿ ಡಿಸ್ಕುಗಳು ಗುಂಯ್‌ಗುಟ್ಟಿದವು. ಹಾರ್ಡ್ ಡಿಸ್ಕಿನ ಯಂತ್ರಗಳು ಹೀಗೆ ನಡುವೆ ಸತ್ತರೆ ಏಳುವಾಗ ಎಷ್ಟು ಗೊಣಗುತ್ತವೆಂದು ಅವಳು ವರ್ಷಗಟ್ಟಲೆ ನೋಡಿದ್ದಳು: ಪರೀಕ್ಷೆ ಮಾಡಬೇಕು, ಕೆಟ್ಟದ್ದು ಹುಡುಕಬೇಕು, ಕೆಲವು ಏಳುವುದೇ ಇಲ್ಲ. ಇವುಗಳಲ್ಲಿ ಕೆಡುವುದಕ್ಕೆ ಏನೂ ಇರಲಿಲ್ಲ. ಬೆಳಗ್ಗೆ ಎದ್ದ ಹಾಗೆಯೇ, ಅದೇ ಬಿಳಿ ಸಾಲು, ಅದೇ ಹಕ್ಕಿ, ಅದೇ ನೀಲಿ, ಒಂದಿಷ್ಟೂ ಸಪ್ಪೆಯಾಗದೆ ಎದ್ದವು. ಅವಳು ಒಬ್ಬೊಬ್ಬರ ಕೈಗೂ ಒಂದೊಂದು ಕಡ್ಡಿ ಕೊಟ್ಟು, ಎಲ್ಲಿ ಚುಚ್ಚಬೇಕು, ಯಾವುದನ್ನು ಒತ್ತಿದರೆ ಉಳಿಯುತ್ತದೆ ಎಂದು ತೋರಿಸಿದಳು. ಲೈಲ್ ಕಡ್ಡಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇಷ್ಟು ಚಿಕ್ಕದ್ರಲ್ಲಿ ಕೂರುತ್ತಾ ನನ್ನ ಕಥೆ?"

"ನಿನ್ನದು ಬೆಳಗ್ಗಿಂದ ಮೂರು ಸಾಲು ಲೈಲ್," ಎಂದ ಗಾಸ್ಟನ್, "ಬೆಂಕಿಕಡ್ಡಿ ಮೇಲೂ ಬರೀಬಹುದು." ಈ ಸಲ ಲೈಲನೇ ಮೊದಲು ನಕ್ಕ. ಅವಳ ಕಡೆ ನೋಡಿ ಅಲ್ಲ, ಆದರೆ ಅವಳಿದ್ದಾಳೆಂದು ನಗು ನುಂಗಿಕೊಳ್ಳಲೂ ಇಲ್ಲ.

ಕೊನೆಯ ಕುರ್ಚಿಯಲ್ಲಿ ಟೋಪಿ ಹಾಕಿಕೊಂಡೇ ಎಸ್ಕೋ ಕೂತಿದ್ದ.

ಅವಳು ಹೋಗಿ ಕಡ್ಡಿಯನ್ನು ಅವನ ಕೈ ಪಕ್ಕಕ್ಕೆ ಇಟ್ಟಳು. ಅವನು ಅದನ್ನು ತಾನೇ ಚುಚ್ಚಿದ. ಅವಳಿಗೆ ಅಲ್ಲಿಂದ ಹೋಗಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಪಕ್ಕದ ಮೇಜಿನ ಕಾಗದದ ಹೊದಿಕೆಗಳನ್ನು ಜೋಡಿಸುವ ನೆಪ ಮಾಡಿದಳು. ಬೆರಳು ಸುತ್ತಿತು, ಎರಗಿತು. ಈ ಬೆರಳು ಪೆನ್ಸಿಲ್ ಹಿಡಿದು ಬರೆದ ಒಂದು ಕಾಗದ ಅವಳ ಕಣ್ಣಿನ ಮುಂದೆ ಬಂದಿತು. ಬೇಸಿಗೆಯ ರಜೆಯಲ್ಲಿ ಗಿರಣಿಯಲ್ಲಿ ಕೆಲಸ ಕೇಳಿ ಅವನು ಬರೆದ ಅರ್ಜಿ, ಅವನಿನ್ನೂ ಶಾಲೆಯಲ್ಲಿದ್ದ. ಅವಳು ಅವನಿಗಿಂತ ಎಷ್ಟೋ ಚಿಕ್ಕವಳು. ಅಡುಗೆಮನೆಯ ಮೇಜಿನ ಮೇಲೆ ಅದು ಸಿಕ್ಕಿದಾಗ ಕೆಂಪು ಪೆನ್ಸಿಲ್ ತಂದು, ಟೀಚರಮ್ಮನ ಹಾಗೆ, ಅವನು ಬರೆದ ತಪ್ಪುಗಳಿಗೆಲ್ಲ ಸುತ್ತು ಹಾಕಿದ್ದಳು. ಅಪ್ಪ ಗಟ್ಟಿಯಾಗಿ ನಕ್ಕು ಅವಳ ತಲೆ ಸವರಿದ. ಎಸ್ಕೋ ಕಾಗದವನ್ನು ಮಡಚಿ ಒಲೆಗೆ ಹಾಕಿದ, ಕೋಪವಿಲ್ಲದೆ, ಸೌದೆ ಹಾಕುವ ಹಾಗೆ. ಮರುದಿನ ಗೇಟಿಗೇ ಹೋಗಿ ಬಾಯಲ್ಲಿ ಕೇಳಿ ಕೆಲಸ ತಗೊಂಡು ಬಂದ. ಆಮೇಲೆ ಅವನು ಏನನ್ನಾದರೂ ಬರೆದದ್ದನ್ನು ಮನೆಯವರು ಕಾಣಲಿಲ್ಲ. ಅಪ್ಪ ತಲೆ ಸವರಿದ ಜಾಗ ಎಷ್ಟೋ ದಿನ ಬೆಚ್ಚಗಿತ್ತು ಎಂದು ಅವಳಿಗೆ ನೆನಪಿದೆ. ಆ ಬೆಚ್ಚನೆಯಿಂದಲೇ ಅವಳು ಓದಿದಳು, ಆಫೀಸು ಸೇರಿದಳು, ಕಾರಿನಲ್ಲಿ ಕೂತು ಗೇಟು ದಾಟಿದಳು. ಆ ಬೆಚ್ಚನೆಗಾಗಿ ಒಲೆಯಲ್ಲಿ ಉರಿದುಹೋದದ್ದು ಯಾರ ಮಾತು ಎಂದು ಈ ಮೇಜಿನ ಪಕ್ಕ ನಿಂತಾಗ ಮೊದಲ ಸಲ ಲೆಕ್ಕಕ್ಕೆ ಬಂತು.

"ಹಿಲ್ಕಾ."

ಹಾಲಿನ ಎಲ್ಲರಿಗೂ ಕೇಳಿಸಿತು. ಟಕ್‌ಟಕ್ಕುಗಳು ನಿಂತವು.

ಎಸ್ಕೋ ಪರದೆಯಿಂದ ಕಣ್ಣು ತೆಗೆಯದೆ, ದನಿಯನ್ನು ತಗ್ಗಿಸುವ ಪ್ರಯತ್ನವನ್ನೂ ಮಾಡದೆ ಕೇಳಿದ: "ಮೇಂಟೆನೆನ್ಸ್‌ಗೆ ಸ್ಪೆಲ್ಲಿಂಗ್ ಏನು?"

ಆ ಪದವನ್ನು ಅವನು ಬಿಟ್ಟುಬಿಡಬಹುದಿತ್ತು, ರಿಪೇರಿ ಎಂದು ಬರೆಯಬಹುದಿತ್ತು, ತಪ್ಪಾಗಿಯೇ ಕಳಿಸಬಹುದಿತ್ತು. ಕೇಳಿದ್ದಾನೆ. ಲೈಲನ ಎದುರು, ಗಾಸ್ಟನ್ನನ ಎದುರು, ಜೊತೆಗೆ ಬೆಂಕಿ ಕಾಯಿಸಿಕೊಂಡವರೆಲ್ಲರ ಎದುರು.

"ಎಂ," ಎಂದಳು.

ಬೆರಳು ಹುಡುಕಿ ಹೊಡೆಯಿತು. "ಹೂಂ."

"ಎ. ಐ. ಎನ್. ಟಿ."

"ತಡಿ ತಡಿ. ಓಡ್ಬೇಡ." ಟಕ್. "ಟಿ ಆಯ್ತು."

"ಇ. ಎನ್. ಎ. ಎನ್."

"ಎರಡು ಎನ್ನಾ?"

"ಮೂರು. ಒಂದು ಮೊದಲೇ ಬಂತು."

"ಇಷ್ಟೊಂದು ಎನ್ ಯಾಕೆ ಬೇಕು ಇವರಿಗೆ," ಎಂದ ಎಸ್ಕೋ.

"ಸಿ. ಇ. ಮುಗೀತು."

ಅವನು ಪದವನ್ನು ದೂರದಿಂದ ನೋಡಿದ, ಹೊಸದಾಗಿ ಹೊಡೆದ ಬೇಲಿಯ ಕಂಬವನ್ನು ನೋಡುವ ಹಾಗೆ, ಒಂದು ಕಣ್ಣು ಕಿರಿದು ಮಾಡಿ. ಸರಿಯಿದೆ ಎನ್ನುವಂತೆ ಮೂಗಿನಲ್ಲಿ ಸದ್ದು ಮಾಡಿ ಮುಂದಿನ ಪದಕ್ಕೆ ಹೋದ. ಅವಳನ್ನು ಇನ್ನೇನೂ ಕೇಳಲಿಲ್ಲ. ಹಾಲಿನ ಟಕ್‌ಟಕ್ಕು ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆಯಿಂದ ಯಾರೋ ಅಷ್ಟೇ ಗಟ್ಟಿಯಾಗಿ ಸೂಪರ್‌ವೈಸರ್‌ಗೆ ಸ್ಪೆಲ್ಲಿಂಗ್ ಕೇಳಿದರು, ಇನ್ಯಾರೋ ತಪ್ಪು ಹೇಳಿದರು, ಜಗಳವಾಯಿತು. ನಾಚಿಕೆಯ ಬೀಗವನ್ನು ಎಸ್ಕೋ ತೆಗೆದಿಟ್ಟಿದ್ದ. ಅದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅವಳಿಗೆ ಮಾತ್ರ ತನ್ನ ಅಣ್ಣನ ಬಗ್ಗೆ ಎದೆ ಉಬ್ಬಿ ನೋಯುವಷ್ಟು ಹೆಮ್ಮೆಯಾಯಿತು, ತಾನು ಯಂತ್ರ ಎಬ್ಬಿಸಿದಾಗಿನ ಹಿಗ್ಗು ಅದರ ಮುಂದೆ ಸಣ್ಣದಾಗಿ ಕಂಡಿತು.

ಹೊತ್ತು ಇಳಿಯುವ ಮೊದಲೇ ಒಬ್ಬೊಬ್ಬರದಾಗಿ ಅರ್ಜಿಗಳು ಹೋದವು. ತಲುಪಿದೆ ಎಂಬ ಉತ್ತರ ಪರದೆಗೆ ಬಂದಾಗ ಲೈಲ್ ಎದ್ದು ನಿಂತು ಟೋಪಿ ತೆಗೆದು ಸುತ್ತಲೂ ತಲೆ ಬಾಗಿಸಿದ. ಎಸ್ಕೋ ತನ್ನದನ್ನು ಮೊದಲಿನಿಂದ ಕೊನೆಯ ತನಕ ತುಟಿಯಾಡಿಸುತ್ತ ಓದಿ, ಕಳಿಸಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂತ. ಕಳಿಸಿದ ಮೇಲೂ ಏಳಲಿಲ್ಲ. ಹಿಲ್ಕಾ ಆ ಕಡೆ ಹೋಗಲಿಲ್ಲ. ಅವನು ಏನು ಬರೆದನೆಂದು ನೋಡಲು ಒಂದು ಓರೆಗಣ್ಣು ಸಾಕಿತ್ತು; ಅವಳು ನೋಡಲಿಲ್ಲ, ಅದು ಅವಳ ಲೆಕ್ಕದಲ್ಲಿ ಆ ದಿನ ಮಾಡಿದ ಅತಿ ಕಷ್ಟದ ಕೆಲಸ.

ಆಗಲೇ ಡೊರೀನ್ ಎಂಬ ಹೆಂಗಸು ಬಂದದ್ದು. ನದಿಯ ಮೇಲ್ಗಡೆಯ ಊರಿನವಳು, ಅಲ್ಲಿನ ಗರಗಸದ ಕಾರ್ಖಾನೆಯೂ ಮುಚ್ಚಿತ್ತು. ಇಲ್ಲಿ ಯಂತ್ರಗಳಿವೆಯೆಂದು ಕೇಳಿ ಯಾರದೋ ಟ್ರಕ್ಕಿನಲ್ಲಿ ಬಂದಿದ್ದಳು. ಅವಳಿಗೆ ಇವರ ಮುಷ್ಕರ ಗೊತ್ತಿಲ್ಲ, ಗೇಟು ಗೊತ್ತಿಲ್ಲ, ಯಾರು ಯಾರ ಕಡೆಗೆ ಬೆನ್ನು ಮಾಡಿದ್ದರೆಂದು ಗೊತ್ತಿಲ್ಲ. ಎಸ್ಕೋನ ಪಕ್ಕದ ಖಾಲಿ ಕುರ್ಚಿಯಲ್ಲಿ ಏದುಸಿರು ಬಿಡುತ್ತ ಕೂತು, ಪಕ್ಕ ತೆರೆದ ಪೆಟ್ಟಿಗೆಯೊಳಗಿನ ಖಾಲಿ ಗೂಡನ್ನು ನೋಡಿ ಗಾಬರಿಯಾದಳು.

"ಅಯ್ಯೋ, ಇದರೊಳಗೆ ಏನೂ ಇಲ್ವಲ್ಲ! ಕೆಟ್ಟಿದೆಯಾ? ಇಷ್ಟು ದೂರ ಬಂದೆ ನಾನು."

"ಕೆಟ್ಟಿಲ್ಲ, ಕೂತ್ಕೊಳ್ಳಿ," ಎಂದ ಎಸ್ಕೋ. "ಡಿಸ್ಕಿನಿಂದ ನಡಿಯುತ್ತೆ."

"ಹೇಗೆ ನಡಿಯುತ್ತೆ? ನನಗೆ ಇದೆಲ್ಲ ಏನೂ ಬರಲ್ಲಪ್ಪ. ಯಾರನ್ನ ಕೇಳ್ಬೇಕು?"

ಎಸ್ಕೋ ಕುರ್ಚಿಯಲ್ಲಿ ತಿರುಗಿದ. ಇಡೀ ಮೈಯನ್ನು ತಿರುಗಿಸಿದ, ಹಾಲಿನ ಆ ಕೊನೆಯಲ್ಲಿ ಕೈ ತುಂಬ ಕಾಗದದ ಹೊದಿಕೆ ಹಿಡಿದು ನಿಂತಿದ್ದವಳನ್ನು ನೇರವಾಗಿ ನೋಡಿದ. ಅವನ ಕಣ್ಣಿನ ಸುತ್ತ ಅವಳು ಕಾಣದಿದ್ದ ಎರಡು ವರ್ಷದ ಗೆರೆಗಳಿದ್ದವು.

"ಅವಳನ್ನ ಕೇಳಿ," ಎಂದ, ಗಲ್ಲ ಎತ್ತಿ ತೋರಿಸಿ. "ನನ್ನ ತಂಗಿ. ಇವನ್ನೆಲ್ಲ ಎಬ್ಬಿಸಿದ್ದು ಅವಳೇ."

ಹಿಲ್ಕಾ ಹೊದಿಕೆಗಳನ್ನು ಮೇಜಿನ ಮೇಲಿಟ್ಟಳು. ಕಣ್ಣು ಒರೆಸಿಕೊಳ್ಳಬೇಕಿತ್ತು, ಒರೆಸಿಕೊಳ್ಳಲಿಲ್ಲ. ಅಣ್ಣನೂ ನೋಡುತ್ತಿದ್ದ, ಲೈಲನೂ ನೋಡುತ್ತಿದ್ದ. ಅವರೆಲ್ಲರ ನಡುವೆ, ನೀಲಿ ಪರದೆಗಳ ಸಾಲಿನ ಉದ್ದಕ್ಕೂ ಅವಳು ಅವಸರವಿಲ್ಲದೆ ನಡೆದು ಬಂದು ಡೊರೀನಳ ಪಕ್ಕ ನಿಂತಳು.

"ಹೇಳಿ," ಎಂದಳು, "ಮೊದಲು ನಿಮ್ಮ ಹೆಸರಿನಿಂದ ಶುರು ಮಾಡೋಣ."